ಬೀಗಕ್ಕೆ ಜಾಗವಿಲ್ಲದ ನಿರಾಳ

ಬಳೆಗಾರ ಪೇಟೆ, ಹುಬ್ಬಳ್ಳಿ
ಉರಿ ತಿಂಗಳ ಮೂವತ್ತಾರನೆಯ ತಾರೀಖು, 2193

ನೀಲಾಂಬಿಕಾ ಶಿರಗುಪ್ಪಿ ಅವರಿಗೆ ಹುಲಿಗೆವ್ವ ತಡಕೋಡ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ, ಕೈತಪ್ಪಿ ಬರೆದದ್ದಲ್ಲ. ನಿಮ್ಮ ಏಪ್ರಿಲ್ಲಿನ ಅರ್ಧ ಮತ್ತು ಮೇ ತಿಂಗಳು ಪೂರ್ತಿ ಸೇರಿಸಿ ನಾವು ಒಂದೇ ತಿಂಗಳು ಮಾಡಿಕೊಂಡಿದ್ದೇವೆ, ನಲವತ್ತಾರು ದಿನದ್ದು. ಒಂದೇ ಬಿಸಿಲಿಗೆ ಎರಡು ಹೆಸರು ಯಾಕೆ ಎಂದು ಯಾರೋ ಪುಣ್ಯಾತ್ಮರು ಕೇಳಿದರಂತೆ, ಅಂದಿನಿಂದ ಅದು ಉರಿ ತಿಂಗಳಾಯಿತು. ನನ್ನ ಮಾತಿನ ಬಗ್ಗೆಯೂ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾವು ಆಡುವ ಕನ್ನಡದಲ್ಲಿ ನಿಮ್ಮ ಕಿವಿಗೆ ಬಿದ್ದಿರದ ಶಬ್ದಗಳು ಬೇಕಾದಷ್ಟಿವೆ. ನಿಮ್ಮ ಕಾಲದ ಕಾಗದಪತ್ರಗಳನ್ನು ಓದಿ ಓದಿ ಕೈ ಕೂರಿಸಿಕೊಂಡು ಬರೆಯುತ್ತಿದ್ದೇನೆ. ಎಲ್ಲಾದರೂ ನಮ್ಮ ಶಬ್ದ ನುಸುಳಿದರೆ ಅಲ್ಲೇ ಬಿಡಿಸಿ ಹೇಳುತ್ತೇನೆ, ಸಿಟ್ಟಾಗದೆ ಓದಿ.

ನಿಮ್ಮನ್ನು ಏನೆಂದು ಕರೆಯಲಿ ಎಂದು ಬೆಳಿಗ್ಗೆಯಿಂದ ತಲೆ ಕೆರೆದುಕೊಂಡಿದ್ದೇನೆ. ನನಗೆ ಅರವತ್ಮೂರು, ಈ ಓಲೆ ಮುಟ್ಟುವ ಸಂಜೆ ನಿಮಗೆ ಇಪ್ಪತ್ತೊಂಬತ್ತು. ವಯಸ್ಸಿನಲ್ಲಿ ನೀವು ನನ್ನ ಮಗಳಿಗಿಂತ ಚಿಕ್ಕವರು, ಕಾಲದಲ್ಲಿ ನನ್ನ ಮುತ್ತಜ್ಜಿಗೂ ಮುತ್ತಜ್ಜಿ. ತಂಗಿ ಎಂದರೆ ನನ್ನ ಸೊಕ್ಕಾದೀತು, ಅಜ್ಜಿ ಎಂದರೆ ನೀವು ಚಪ್ಪಲಿ ಕೈಗೆತ್ತಿಕೊಂಡೀರಿ. ಅದಕ್ಕೇ ನೀಲಕ್ಕ ಎನ್ನುತ್ತೇನೆ. ಒಪ್ಪಿಕೊಳ್ಳಿ.

ಈ ಓಲೆಯನ್ನು ಹಿಂದಂಚೆಯ ಪೆಟ್ಟಿಗೆಗೆ ಹಾಕುತ್ತೇನೆ. ಹಿಂದಂಚೆ ಎಂದರೆ, ವರ್ಷಕ್ಕೊಂದು ಸಲ ನಾವು ತೀರಿಹೋದವರಲ್ಲಿ ಯಾರಾದರೂ ಒಬ್ಬರಿಗೆ ಬರೆಯುವ ಓಲೆ. ವಿಳಾಸದಲ್ಲಿ ಊರು, ಓಣಿ ಅಷ್ಟೇ ಅಲ್ಲ, ಯಾವ ದಿನ ಯಾವ ಹೊತ್ತಿಗೆ ಮುಟ್ಟಬೇಕು ಎಂಬುದನ್ನೂ ಬರೆಯಬೇಕು. ಮುಟ್ಟುತ್ತದೆಯೋ ಇಲ್ಲವೋ ದೇವರಿಗೇ ಗೊತ್ತು. ಇಂದಿನವರೆಗೆ ಒಬ್ಬರಿಗೂ ಉತ್ತರ ಬಂದಿಲ್ಲ. ಆದರೂ ಬರೆಯುತ್ತೇವೆ, ಬರೆದರೆ ಎದೆ ಹಗುರಾಗುತ್ತದೆ. ನಾನು ವಿಳಾಸ ಹೀಗೆ ಬರೆದಿದ್ದೇನೆ: 2027, ನಕ್ಷೆ ಹರಿದ ದಿನದ ಸಂಜೆ, ಬಳೆಗಾರ ಪೇಟೆಯ ಫುಟ್‌ಪಾತು, ಬೀಗ ಬಿದ್ದ ಶೌಚಾಲಯದ ಎದುರಿನ ಕಲ್ಲಿನ ಮೇಲೆ ಅಳುತ್ತ ಕೂತಿರುವ ಎಂಜಿನಿಯರ್ ಬಾಯಿ.

ಹೌದು, ನೀವು ಅತ್ತದ್ದು ನನಗೆ ಗೊತ್ತು. ಆ ಸಂಜೆ ನೀವು ನಕ್ಷೆಯನ್ನು ಎರಡು ಹೋಳು ಮಾಡಿ, ಒಂದು ಹೋಳಿನ ಬೆನ್ನಿಗೆ 'ಸಾಕು, ಇನ್ನು ನನ್ನಿಂದಾಗದು' ಎಂದು ಬರೆದು ಅಲ್ಲೇ ಬಿಟ್ಟು ಎದ್ದಿರಿ. ಅದನ್ನು ಎತ್ತಿಟ್ಟುಕೊಂಡವಳು ನಿಮ್ಮ ಪಕ್ಕದಲ್ಲೇ ಬುಟ್ಟಿ ಇಟ್ಟುಕೊಂಡು ಸೊಪ್ಪು ಮಾರುತ್ತಿದ್ದ ಫಕ್ಕೀರವ್ವ. ಅವಳ ಕೈಯಿಂದ ಕೈಗೆ ಬರುತ್ತ ಆ ಹೋಳು ಈಗ ನನ್ನ ಪೆಟ್ಟಿಗೆಯಲ್ಲಿದೆ. ನಾನು ಈ ಜಾಗದ ಎಂಟನೆಯ ಕಾಯುವವಳು, ಮೊದಲನೆಯವಳು ಅವಳೇ. ನಿಮ್ಮ ಕಥೆಯೆಲ್ಲ ನಮಗೆ ಬಂದದ್ದು ಅವಳ ಬಾಯಿಂದ, ಆದ್ದರಿಂದ ಸ್ವಲ್ಪ ಉಪ್ಪುಖಾರ ಸೇರಿದ್ದರೆ ಅದು ಅವಳದ್ದು.

ನೀವು ಕಟ್ಟಿಸಿದ ಆ ಮೊದಲನೆಯ ಶೌಚಾಲಯ ಚೆಂದವಿತ್ತು ನೀಲಕ್ಕ. ಚೆಂದವಿದ್ದದ್ದೇ ಅದಕ್ಕೆ ಕುತ್ತಾಯಿತು. ಬಿಳಿ ಟೈಲ್ಸು, ಸ್ಟೀಲಿನ ಬಾಗಿಲು, ಬಾಗಿಲಿಗೆ ಹಿತ್ತಾಳೆಯ ಬೀಗ. ಉದ್ಘಾಟನೆಗೆ ಬರಬೇಕಾಗಿದ್ದ ದೊಡ್ಡವರು ಬರಲಿಲ್ಲ. ಅವರು ಬರುವತನಕ ಹೊಲಸಾಗಬಾರದೆಂದು ಬೀಗ ಜಡಿದರು. ಬೀಗದ ಕೈ ಎದುರಿನ ಬಟ್ಟೆ ಅಂಗಡಿಯವರ ಹತ್ತಿರ. ಅವರು ಊಟಕ್ಕೆ ಹೋದರೆ ಬೀಗದ ಕೈಯೂ ಊಟಕ್ಕೆ ಹೋಗುತ್ತಿತ್ತು, ಅವರು ಮದುವೆಗೆ ಗದಗಕ್ಕೆ ಹೋದರೆ ಅದೂ ಗದಗಕ್ಕೆ. ಅಷ್ಟರಲ್ಲಿ ಗಂಡಸರು ಅದರ ಹೊರಗೋಡೆಯನ್ನೇ ಹಿಡಿದರು. ಅದನ್ನು ತಡೆಯಲು ಅಂಗಡಿಯವರೆಲ್ಲ ಕೂಡಿ ಗೋಡೆಗೆ ದೇವರ ಚಿತ್ರದ ಟೈಲ್ಸು ಅಂಟಿಸಿದರು, ಯಾವ ಮತದವರಿಗೂ ಬೇಸರವಾಗಬಾರದೆಂದು ಎಲ್ಲ ಮತದ್ದೂ ಒಂದೊಂದು. ಗೋಡೆ ಒಣಗಿತು, ಅದು ನಿಜ. ಆದರೆ ಮರುವಾರ ಯಾರೋ ಹೂ ಇಟ್ಟರು. ಆಮೇಲೆ ಊದಿನಕಡ್ಡಿ ಬಂತು. ಆಮೇಲೆ ಚಪ್ಪಲಿ ಬಿಟ್ಟು ಕೈ ಮುಗಿಯುವವರು ಬಂದರು. ಕೊನೆಗೊಮ್ಮೆ ದೊಡ್ಡವರು ಬಂದು ರಿಬ್ಬನ್ ಕತ್ತರಿಸಿ ಬೀಗ ತೆಗೆದಾಗ, ದೇವರ ಬೆನ್ನ ಹಿಂದೆ ಹೋಗಿ ಕೂರುವ ಧೈರ್ಯ ಪೇಟೆಯಲ್ಲಿ ಒಬ್ಬರಿಗೂ ಇರಲಿಲ್ಲ. ಹದಿನೈದು ದಿನ ಕಾದು ಮತ್ತೆ ಬೀಗ ಹಾಕಿದರು, ಈ ಸಲ ಕೈ ಮುಗಿದು.

ಈ ಓಲೆ ಮುಟ್ಟುವಾಗ ನೀವು ಆ ಬೀಗವನ್ನೇ ನೋಡುತ್ತ ಕೂತಿರುತ್ತೀರಿ. ನಿಮಗೆ ನನ್ನದೊಂದು ಬೇಡಿಕೆ ಇದೆ. ನಾಳೆ ಬೆಳಿಗ್ಗೆ ನೀವು ಇಲ್ಲೇ ಮರೆತುಹೋದ ಅಳತೆಪಟ್ಟಿಯನ್ನು ಒಯ್ಯಲು ಬಂದಾಗ ಫಕ್ಕೀರವ್ವ ನಿಮ್ಮನ್ನು ಕರೆಯುತ್ತಾಳೆ. "ಬಾಯಾರ, ಒಂದ್ ದಿನಾ ನನ್ನ ಬಾಜೂಕ ಕುಂದರ್ರಿ. ಇದು ಕಾಗದದ ಮ್ಯಾಲ ತಿಳಿಯೂದಲ್ಲ" ಎನ್ನುತ್ತಾಳೆ. ಕೂತುಬಿಡಿ. ಕೆಲಸ ಇದೆ ಎನ್ನಬೇಡಿ. ಕಲ್ಲು ಸುಡುತ್ತದೆ, ಕೊತ್ತಂಬರಿ ಮೇಲೆ ನೀರು ಚಿಮುಕಿಸಿ ಚಿಮುಕಿಸಿ ಕೈ ಸೋಲುತ್ತದೆ, ಆದರೂ ಕೂತಿರಿ. ಹನ್ನೊಂದಕ್ಕೆ ನೀವು ಚೀಲದಿಂದ ಬಾಟಲಿ ತೆಗೆದು ಗಟಗಟ ನೀರು ಕುಡಿಯುತ್ತೀರಿ. ಅವಳು ನಗುತ್ತಾಳೆ ಅಷ್ಟೇ. ಒಂದೂವರೆಗೆ ನೀವು ಎದ್ದು ಅತ್ತ ಇತ್ತ ನೋಡಲು ಶುರು ಮಾಡಿದಾಗ ಹೇಳುತ್ತಾಳೆ: "ಯಾಕ ಕುಡದ್ರಿ ಬಾಯಾರ? ನಾವ್ಯಾರರ ಕುಡಿತೇವೇನು ಇಲ್ಲೆ? ಕುಡದ್ರ ಹೋಗೋದೆಲ್ಲಿ?"

ಆ ಮಾತು ಕೇಳಿದ ಮೇಲೆ ನೀವು ಬೇರೆ ಮನುಷ್ಯರಾದಿರಿ ಎಂದು ಅವಳು ಹೇಳುತ್ತಿದ್ದಳಂತೆ. ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಒಂದು ಹನಿ ನೀರು ಬಾಯಿಗೆ ಹಾಕದೆ, ಉರಿ ಬಿಸಿಲಿನಲ್ಲಿ ಸೊಪ್ಪಿಗೆ ಮಾತ್ರ ನೀರು ಕುಡಿಸುತ್ತ ಕೂತ ಹೆಂಗಸರು ಆ ಒಂದು ಪೇಟೆಯಲ್ಲಿ ನಲವತ್ತು ಮಂದಿ ಇದ್ದರಂತೆ. ನೀವು ಶೌಚಾಲಯ ಕಟ್ಟಲು ಹೋಗಿದ್ದಿರಿ, ಅವರಿಗೆ ಬೇಕಾಗಿದ್ದದ್ದು ನೀರು ಕುಡಿಯುವ ಧೈರ್ಯ. ಅದನ್ನು ಯಾವ ದಫ್ತರದವರೂ ನಿಮಗೆ ಹೇಳಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಬಿಡಿ, ಅವರ ದಫ್ತರದಲ್ಲಿ ಬಾಗಿಲು ತೆಗೆದರೆ ಬಚ್ಚಲಿತ್ತು.

ಮತ್ತೆ ನೀವು ಏನು ಕಟ್ಟಿದಿರಿ! ಅದನ್ನು ನಿಮಗೇ ಹೇಳುವುದು ಹುಚ್ಚುತನ, ಆದರೂ ಹೇಳದೆ ಬಿಡಲಾರೆ. ಮೂವತ್ತೊಂದು ವರ್ಷದಿಂದ ದಿನಾ ತೊಳೆಯುತ್ತಿದ್ದೇನೆ, ಅದರ ಒಂದೊಂದು ಮೂಲೆಯೂ ನನ್ನ ಅಂಗೈಗೆ ಗೊತ್ತು. ಫುಟ್‌ಪಾತಿನ ಅಗಲ ಒಂಬತ್ತು ಅಡಿ. ನಡೆಯುವವರಿಗೆ ಐದು ಬಿಟ್ಟು, ಹತ್ತಿ ಗೋದಾಮಿನ ಗೋಡೆಗೆ ಒತ್ತಿ, ಉಳಿದ ನಾಲ್ಕರಲ್ಲಿ ಉದ್ದಕ್ಕೆ ಮೂರು ಖೋಲಿ ಹಾಕಿದಿರಿ, ಹೆಂಗಸರಿಗೆ ಎರಡು, ಗಂಡಸರಿಗೆ ಒಂದು. ಹೊರಗೆ ಬಾಗಿಲೇ ಇಲ್ಲ. ಒಂದೊಂದು ಖೋಲಿಯ ಮುಂದೂ ಒಂದು ಗೋಡೆಯನ್ನು ಬಸವನಹುಳುವಿನ ಹಾಗೆ ಸುತ್ತಿಸಿಬಿಟ್ಟಿರಿ, ಒಂದು ತಿರುವು ತಿರುಗಿದರೆ ಹೊರಗಿನವರಿಗೆ ಏನೂ ಕಾಣುವುದಿಲ್ಲ. ಒಳಗಿನ ಕದಕ್ಕೆ ಒಳಗಿನಿಂದ ಮಾತ್ರ ಚಿಲಕ. ಹೊರಗಿನಿಂದ ಬೀಗ ಹಾಕಬೇಕೆಂದರೆ ಕೊಂಡಿ ಸಿಕ್ಕಿಸಲು ಜಾಗವೇ ಇಲ್ಲ. ನೂರಾ ಅರವತ್ತು ವರ್ಷದಲ್ಲಿ ಎಷ್ಟೋ ಜನ ಬೀಗ ಹಿಡಿದುಕೊಂಡು ಬಂದು, ಸುತ್ತು ಹಾಕಿ, ಬೆವರು ಒರೆಸಿಕೊಂಡು ಹಾಗೇ ಹೋಗಿದ್ದಾರೆ.

ಹೊರಗೋಡೆಯ ಬುಡವನ್ನು ನೀವು ಇಳಿಜಾರು ಮಾಡಿದ್ದು ನೆನೆದರೆ ಈಗಲೂ ನಗು ಬರುತ್ತದೆ. ಯಾವನಾದರೂ ಅಲ್ಲಿ ನಿಂತು ಗೋಡೆ ಒದ್ದೆ ಮಾಡಲು ಹೋದರೆ ಅಷ್ಟೂ ಅವನ ಕಾಲಿಗೇ ವಾಪಸು. ಮೊದಲನೆಯ ವಾರ ನಾಲ್ಕು ಜನ ಚಪ್ಪಲಿ ತೊಳೆದುಕೊಂಡು ಹೋದರಂತೆ, ಆಮೇಲೆ ಯಾರೂ ಆ ಸಾಹಸ ಮಾಡಲಿಲ್ಲ. ದೇವರಿಗೂ ಕಾವಲುಕೆಲಸ ತಪ್ಪಿತು. ಹಳೆಯ ಗೋಡೆ ಒಡೆಯುವ ಮೊದಲು ಟೈಲ್ಸು ತೆಗೆಯಲು ಯಾರೂ ಕೈ ಹಾಕಲಿಲ್ಲವಂತೆ, ಎಲ್ಲರಿಗೂ ಹೆದರಿಕೆ. ಫಕ್ಕೀರವ್ವ ಒಂದು ತೆಂಗಿನಕಾಯಿ ಒಡೆದು, "ಎಪ್ಪಾ, ನಿಮಗೂ ಬ್ಯಾಸರಾಗಿರಬೇಕು ಇಲ್ಲೆ ನಿಂತು. ನಡೀರಿ, ನೆಳ್ಳಿಗೆ ಕರಕೊಂಡ್ ಹೊಕ್ಕೀನಿ" ಎಂದು ಒಂದೊಂದಾಗಿ ಕಿತ್ತು ಬುಟ್ಟಿಯಲ್ಲಿಟ್ಟು, ಹೊತ್ತುಕೊಂಡು ಹೋಗಿ ಬೇವಿನ ಮರದ ಬುಡಕ್ಕೆ ಇಟ್ಟಳು. ಆ ಟೈಲ್ಸು ಈಗಲೂ ಅಲ್ಲಿವೆ, ಮರ ಎರಡನೆಯದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೇರೆ. ಒಳಗೆ ಬುಟ್ಟಿ ಇಡಲು ಕಲ್ಲಿನ ಹಲಗೆ ಮಾಡಿದಿರಿ, ತಿರುವಿನ ಅಗಲವನ್ನು ಸೊಂಟದ ಮೇಲೆ ಬುಟ್ಟಿ ಹೊತ್ತ ಹೆಂಗಸಿನ ಅಳತೆಗೆ ಇಟ್ಟಿರಿ. ಈಗ ನಮ್ಮ ಊರಲ್ಲಿ ಎಲ್ಲ ಬಾಗಿಲಿನ ಅಳತೆಗೂ 'ಒಂದು ಬುಟ್ಟಿ' ಎಂದೇ ಹೆಸರು. ಗಾಲಿಕುರ್ಚಿ ಬರುವ ಬಾಗಿಲು ಒಂದೂವರೆ ಬುಟ್ಟಿ, ಮದುವೆ ಮಂಟಪದ್ದು ನಾಲ್ಕು ಬುಟ್ಟಿ. ಬುಟ್ಟಿ ದೊಡ್ಡದಿದ್ದು ಹೊರಗೇ ಬಿಡಬೇಕಾದವರಿಗಾಗಿ ಗೋಡೆಯಲ್ಲಿ ಸಣ್ಣ ಸಣ್ಣ ತೂತಿನ ಜಾಲಿ ಕೊರೆಸಿದಿರಿ, ಕೂತವಳ ಕಣ್ಣಿನ ಎತ್ತರಕ್ಕೆ ಸರಿಯಾಗಿ. ಅವಳಿಗೆ ತನ್ನ ಬುಟ್ಟಿ ಕಾಣುತ್ತದೆ, ಅವಳು ಯಾರಿಗೂ ಕಾಣುವುದಿಲ್ಲ. ಒಳಗೆ ಕೂತೇ "ಏ, ಮೆಂತೆ ಕಟ್ಟು ಕೆಳಗಿಡು, ನೋಡಾಕತ್ತೀನಿ" ಎಂದು ಕೂಗುವುದನ್ನು ನಾನೇ ನೂರು ಸಲ ಕೇಳಿದ್ದೇನೆ. ಇಂಥದ್ದು ಹೊಳೆಯಬೇಕಾದರೆ ಒಂದು ದಿನ ಆ ಕಲ್ಲಿನ ಮೇಲೆ ಕೂತಿರಲೇಬೇಕು. ನಮ್ಮಲ್ಲಿ ಈಗ ಏನೇನೋ ಯಂತ್ರಗಳಿವೆ, ಲಕ್ಷ ಮನೆಯ ನಕ್ಷೆಯನ್ನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬರೆದುಕೊಡುತ್ತವೆ. ಆ ಜಾಲಿ ಮಾತ್ರ ಒಂದಕ್ಕೂ ಹೊಳೆಯುತ್ತಿರಲಿಲ್ಲ ಎಂದು ಪಂಥ ಕಟ್ಟುತ್ತೇನೆ.

ಹೊರಗೆ ಫುಟ್‌ಪಾತಿನ ಕಡೆಗೆ ಉದ್ದಕ್ಕೂ ಒಂದು ಕಟ್ಟೆ. ಅದರ ತುದಿಯಲ್ಲಿ ನೀರಿನ ಹರವಿ, ಹರವಿಯ ಪಕ್ಕ ಕಾಯುವವಳ ಜಾಗ. ಅದು ನನ್ನ ಜಾಗ. ಕಟ್ಟೆಗೆ ಬಂದು ಕೂತವರಿಗೆಲ್ಲ ಫಕ್ಕೀರವ್ವ ಮೊದಲು ಕೇಳುತ್ತಿದ್ದದ್ದು "ನೀರು ಕುಡದ್ರೇನ್ರಿ?" ಎಂದು. ಕೂಡಲೇ ಒಂದು ತಂಬಿಗೆ ಮುಂದೆ ಹಿಡಿಯುತ್ತಿದ್ದಳು. ಕುಡಿದು ತೋರಿಸಿದರೇನೇ ಅವಳಿಗೆ ಸಮಾಧಾನ. ಈಗ ಇಡೀ ಊರಲ್ಲಿ ಇಬ್ಬರು ಎದುರಾದರೆ ಅದೇ ಮಾತು. ನಿಮ್ಮ ಕಾಲದಲ್ಲಿ ಊಟ ಆಯ್ತಾ ಎಂದು ಕೇಳುತ್ತಿದ್ದಿರಂತೆ, ನಾವು ನೀರು ಕುಡಿದಿರೇನು ಎಂದು ಕೇಳುತ್ತೇವೆ. ಮದುವೆ ಓಲೆಯ ಕೊನೆಗೂ ಅದೇ, ದವಾಖಾನೆಯ ಬಾಗಿಲಲ್ಲೂ ಅದೇ. ಎಲ್ಲಿಂದ ಬಂತೆಂದು ಈಗಿನ ಹುಡುಗರಿಗೆ ಗೊತ್ತಿಲ್ಲ. ಕಾಯುವವಳು ಕೊಟ್ಟ ನೀರನ್ನು ಬೇಡ ಎನ್ನುವುದು ಮಾತ್ರ ನಮ್ಮಲ್ಲಿ ದೊಡ್ಡ ಅವಮಾನ, ಅದು ಎಲ್ಲರಿಗೂ ಗೊತ್ತು.

ನೀವು ಕಟ್ಟಿದ್ದನ್ನು ನೋಡಿ ಊರೆಲ್ಲ ಅಂಥದ್ದೇ ಕಟ್ಟಿದರು. ಅವಕ್ಕೆ ನಿರಾಳ ಎಂದು ಹೆಸರು. ಶೌಚಾಲಯ, ಸಂಡಾಸ ಎಂಬ ಶಬ್ದಗಳೆಲ್ಲ ಈಗ ಹಳೆಯ ಕಾಗದದಲ್ಲಿ ಮಾತ್ರ. ಮೋಟಾರು ಗಾಡಿಗಳು ಕಡಿಮೆಯಾಗಿ ಫುಟ್‌ಪಾತುಗಳು ಮೂವತ್ತು ಅಡಿ ಅಗಲವಾಗಿವೆ, ಮೇಲೆ ಉದ್ದಕ್ಕೂ ನೆರಳುಬಟ್ಟೆ ಕಟ್ಟಿದ್ದಾರೆ. ಮಧ್ಯಾಹ್ನ ಹನ್ನೆರಡರಿಂದ ಮೂರು ಯಾರೂ ಹೊರಗೆ ಬರುವುದಿಲ್ಲ, ಸಂಜೆ ಇಳಿದ ಮೇಲೆ ಗಿರ್ಮಿಟ್ಟು, ಮಿರ್ಚಿ ಎಂದು ಜಾತ್ರೆಯೇ ನೆರೆಯುತ್ತದೆ. ಹೌದು, ಅವೆರಡೂ ಉಳಿದಿವೆ, ಚಿಂತೆ ಮಾಡಬೇಡಿ. ನಿರಾಳದಲ್ಲಿ ಸೇರಿದ್ದು ಬೇರೆ ಕೊಳವೆಯಲ್ಲಿ ಊರಾಚೆಯ ತೋಟಕ್ಕೆ ಹೋಗುತ್ತದೆ. ಅದಕ್ಕೆ ಹೊನ್ನೀರು ಎನ್ನುತ್ತೇವೆ. ಹೊನ್ನೀರು ಉಂಡ ಕೊತ್ತಂಬರಿ ಮರಳಿ ಇದೇ ಕಟ್ಟೆಗೆ ಮಾರಲು ಬರುತ್ತದೆ. ಮೂಗು ಮುರಿಯಬೇಡಿ, ಘಮ ನೋಡಿದರೆ ನೀವೇ ಎರಡು ಕಟ್ಟು ಒಯ್ಯುತ್ತಿದ್ದಿರಿ. ಊರು ಇಷ್ಟೆಲ್ಲ ಬದಲಾದರೂ ನಿಮ್ಮ ಬಳೆಗಾರ ಪೇಟೆ ಹಾಗೇ ಇದೆ, ಒಂಬತ್ತೇ ಅಡಿ. ನಿಮ್ಮ ಗೋಡೆ ಒಡೆಯಬಾರದೆಂದು ರಸ್ತೆಯನ್ನೇ ಅಗಲ ಮಾಡಲಿಲ್ಲ. ಅಷ್ಟು ಪ್ರೀತಿ ನಿಮ್ಮ ಮೇಲೆ.

ಆ ಪ್ರೀತಿಯೇ ಈಗ ನನ್ನ ತಲೆನೋವು. ಅದಕ್ಕೇ ಈ ಓಲೆ.

ನಮ್ಮಲ್ಲಿ ಒಂದೊಂದು ಫುಟ್‌ಪಾತಿಗೂ ಏಳು ಜನರ ದಾರಿಸಭೆ ಇರುತ್ತದೆ. ಅಲ್ಲಿಯ ನೆರಳು, ನೀರು, ಅಂಗಡಿ ಎಲ್ಲ ಅವರ ಮಾತಿನಂತೆ. ಬಳೆಗಾರ ಪೇಟೆಯ ಸಭೆಯ ಮುಖ್ಯಸ್ಥರು ರಾಚೋಟಪ್ಪ ಹೊಂಬಳ. ಕೆಟ್ಟವರಲ್ಲ, ನಿಮ್ಮ ಭಕ್ತರು. ಅವರ ಮನೆಯ ಪಡಸಾಲೆಯಲ್ಲಿ ನಿಮ್ಮ ನಕ್ಷೆಯ ಪ್ರತಿಗೆ ಕಟ್ಟು ಹಾಕಿಸಿ ದಿನಾ ಹೂ ಏರಿಸುತ್ತಾರೆ. ಇಂಥ ಅಪರೂಪದ ಕಟ್ಟಡವನ್ನು ಬಳಸಿ ಸವೆಸಬಾರದು, ಹಾಗೇ ಕಾಪಾಡಬೇಕು ಎಂಬುದು ಅವರ ಹಟ. ತಿರುವಿನ ಗೋಡೆಯನ್ನು ಅಲ್ಲಲ್ಲಿ ಕೊಯ್ದು ಗಾಜಿನ ಬಾಗಿಲು ಕೂರಿಸುವುದು, ಒಳಗೆ ದೀಪ, ಹೊರಗೆ ಅಳತೆಪಟ್ಟಿ ಹಿಡಿದ ನಿಮ್ಮ ಮೂರ್ತಿ. ಬೇಕಾದವರು ಹೊರಗೆ ನಿಂತು ನೋಡಬಹುದು. ಆ ಕೆಲಸಕ್ಕೆಂದು ಬಂದವರು ಮುಂದಿನ ನಿರಾಳಕ್ಕೆ ಹೋಗಬೇಕು, ನಾನೂರು ಹೆಜ್ಜೆ. ನಾನು ಬೇಡವೆಂದು ಬಾಯಿ ಬಡಿದುಕೊಂಡೆ. "ಹುಲಿಗೆವ್ವಾರ, ನಿಮಗ ದಿನಾ ನೋಡಿ ನೋಡಿ ಇದರ ಬೆಲಿ ತಿಳಿವಲ್ದು" ಎಂದರು. ತಪ್ಪು ನನ್ನದೂ ಇದೆ. ಅವರು ಸಣ್ಣವರಿದ್ದಾಗ ಇದೇ ಕಟ್ಟೆಯ ಮೇಲೆ ಕೂರಿಸಿಕೊಂಡು, ಕೈ ಮುಗಿದು ಮುಗಿದು ನಿಮ್ಮ ಕಥೆ ಹೇಳಿದವಳು ನಾನೇ. ಜಾಲಿಯ ಕಥೆ ಹೇಳಿದೆ, ಇಳಿಜಾರಿನ ಕಥೆ ಹೇಳಿದೆ. ದೇವರ ಟೈಲ್ಸಿನ ಕಥೆಯಲ್ಲಿ ನಗಿಸಲು ಹೋಗಿ, ಅದರಲ್ಲಿ ಹೆದರುವುದಕ್ಕೂ ಏನೋ ಇದೆ ಎಂಬುದನ್ನು ಹೇಳಲು ಮರೆತೆ.

ಮೊನ್ನೆ ರಾತ್ರಿ ಅಳತೆಗೆಂದು ಮೂರೂ ತಿರುವಿಗೆ ಅಡ್ಡ ಹಗ್ಗ ಕಟ್ಟಿದ್ದಾರೆ. ಬೀಗಕ್ಕೆ ಜಾಗವಿರಲಿಲ್ಲ, ಹಗ್ಗಕ್ಕೆ ಇತ್ತು. ಹಗ್ಗದ ಮುಂದೆ ನಿನ್ನೆ ಇಬ್ಬರು ಚಪ್ಪಲಿ ಬಿಟ್ಟು ನಿಂತದ್ದನ್ನು ಕಣ್ಣಾರೆ ಕಂಡೆ.

ಈಗ ಮಮತಾಜಳ ವಿಷಯ ಹೇಳಬೇಕು. ಅವಳು ನಮ್ಮ ಪೇಟೆಯ ಟ್ರಾಮು ಓಡಿಸುತ್ತಾಳೆ. ಟ್ರಾಮು ನನ್ನ ಕಟ್ಟೆಯ ಎದುರು ನಿಲ್ಲುವುದು ನಾಲ್ಕೇ ನಿಮಿಷ. ಹನ್ನೆರಡು ವರ್ಷದಿಂದ ಆ ನಾಲ್ಕು ನಿಮಿಷದಲ್ಲಿ ಇಳಿದು, ಒಳಗೆ ಹೋಗಿ ಬಂದು, ಒಂದು ತಂಬಿಗೆ ನೀರು ಕುಡಿದು, ನನ್ನ ಸೆರಗಿಗೆ ಬಾಯಿ ಒರೆಸಿ ಓಡುತ್ತಾಳೆ. ಬೈದರೂ ಬಿಡುವುದಿಲ್ಲ. ನಾನೂರು ಹೆಜ್ಜೆ ಹೋಗಿ ಬರಲು ಅವಳ ನಾಲ್ಕು ನಿಮಿಷ ಸಾಲದು. ನಿನ್ನೆ ಇಳಿದು ಬಂದಳು. ತಂಬಿಗೆ ಹಿಡಿದೆ. ಕೈಯಲ್ಲಿ ಹಿಡಿದುಕೊಂಡಳು, ಹಗ್ಗ ನೋಡಿದಳು, ಹಾಗೇ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು. "ಬ್ಯಾಡ್ರಿ ಅವ್ವಾರ. ಕುಡದ್ರ ಹೋಗೋದೆಲ್ಲಿ?" ಎಂದಳು.

ಫಕ್ಕೀರವ್ವನ ಮಾತು ಅವಳಿಗೆ ಗೊತ್ತಿಲ್ಲ ನೀಲಕ್ಕ. ನಾನು ಅವಳಿಗೆ ಆ ಕಥೆ ಹೇಳಿಯೇ ಇಲ್ಲ. ತಾನಾಗಿ ಬಂತು, ಅದೇ ಮಾತು, ಅದೇ ಜಾಗದಲ್ಲಿ. ಟ್ರಾಮು ಹೋದ ಮೇಲೆ ನಾನು ನೀವು ಅತ್ತ ಕಲ್ಲಿನ ಮೇಲೆಯೇ ಕೂತು ಅತ್ತೆ. ಮೂವತ್ತೊಂದು ವರ್ಷದಲ್ಲಿ ನನ್ನ ಕೈಯ ನೀರನ್ನು ಕುಡಿಯದೆ ಇಟ್ಟವಳು ಅವಳೊಬ್ಬಳೇ.

ನಾಳೆ ಹತ್ತಕ್ಕೆ ದಾರಿಸಭೆ. ಯಾವ ಜಾಗದ ಬಗ್ಗೆ ತೀರ್ಮಾನವೋ ಆ ಜಾಗದಲ್ಲೇ ಸಭೆ ಕೂರಬೇಕು, ತೀರ್ಮಾನವಾಗುವ ಮುಂಚೆ ಎದ್ದು ಹೋದವರ ಮತ ಹೋಯಿತು, ಇದು ನಮ್ಮ ನಿಯಮ. ಮಾತಾಡಲು ನನಗೂ ಅವಕಾಶ ಕೊಟ್ಟಿದ್ದಾರೆ. ಏನು ಮಾತಾಡಲಿ? ಮಾತಾಡಿ ಮಾತಾಡಿಯೇ ಇಲ್ಲಿಗೆ ತಂದಿದ್ದೇನೆ. ನಿಮ್ಮ ಹರಿದ ನಕ್ಷೆಯ ಹೋಳನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸುತ್ತ ಕೂತೆ. ನಿಮಗೂ ಫಕ್ಕೀರವ್ವ ಭಾಷಣ ಮಾಡಿರಲಿಲ್ಲ. ಕುಂದರ್ರಿ ಅಂದಳು ಅಷ್ಟೇ. ಅದು ನೆನಪಾದದ್ದೇ ಎದ್ದು ಹೋಗಿ ಎರಡು ಹರವಿ ತೊಳೆದಿಟ್ಟಿದ್ದೇನೆ, ಲಾವಂಚ ಹಾಕಿ ನೀರು ತುಂಬಿದ್ದೇನೆ. ಒಂದು ಗಡಿಗೆ ಮಜ್ಜಿಗೆಯೂ ಇದೆ, ಜೀರಿಗೆ, ಶುಂಠಿ ಹಾಕಿದ್ದು. ರಾಚೋಟಪ್ಪನವರಿಗೆ ಮಜ್ಜಿಗೆ ಎಂದರೆ ಜೀವ. ನನ್ನನ್ನು ಹರಸಿ.

ಮೂವತ್ತೇಳನೆಯ ತಾರೀಖು, ಮಧ್ಯಾಹ್ನ

ಓಲೆ ಇನ್ನೂ ಪೆಟ್ಟಿಗೆಗೆ ಹಾಕಿಲ್ಲ. ಹಾಕುವ ಮೊದಲು ಇದನ್ನೂ ಸೇರಿಸುತ್ತೇನೆ, ನಗು ಇನ್ನೂ ನಿಂತಿಲ್ಲ.

ಏಳೂ ಜನ ಬಂದು ಕಟ್ಟೆಯ ಮೇಲೆ ಸಾಲಾಗಿ ಕೂತರು. ಬಿಸಿಲು ಆಗಲೇ ಚುರುಚುರು. ನಾನು ಒಬ್ಬೊಬ್ಬರ ಮುಂದೆ ನಿಂತು "ನೀರು ಕುಡದ್ರೇನ್ರಿ?" ಎಂದು ಕೇಳಿ ತಂಬಿಗೆ ಹಿಡಿದೆ. ಕುಡಿದರು. ಕಾಯುವವಳ ನೀರು ಬೇಡ ಎನ್ನಲು ಅವರಿಗೇನು ಹುಚ್ಚೇ? ಅರ್ಧ ತಾಸು ಬಿಟ್ಟು ಮತ್ತೆ ಒಂದು ಸುತ್ತು. ಆಮೇಲೆ ಮಜ್ಜಿಗೆ. ರಾಚೋಟಪ್ಪನವರು ಮೂರು ಲೋಟ ಇಳಿಸಿ, ಮೀಸೆ ಒರೆಸಿಕೊಂಡು, ನಿಮ್ಮ ಗುಣ ಹೊಗಳಲು ನಿಂತರು. ಚೆನ್ನಾಗಿ ಮಾತಾಡುತ್ತಾರೆ, ಅದನ್ನು ಹೇಳಲೇಬೇಕು. ನಿಮ್ಮ ಹುಟ್ಟಿದೂರು, ನಿಮ್ಮ ಓದು, ನೀವು ಅತ್ತದ್ದು, ಎಲ್ಲ ಬಂತು. ನನಗೂ ಕಣ್ಣು ಒದ್ದೆಯಾಯಿತು. ತಾಸು ದಾಟಿತು. ಮೊದಲು ಮೂಲೆಯಲ್ಲಿದ್ದ ಹೆಣ್ಣುಮಗಳು ಕಾಲ ಮೇಲೆ ಕಾಲು ಹಾಕಿದರು, ಆಮೇಲೆ ಅದನ್ನು ಬದಲಿಸಿದರು. ಪಕ್ಕದವರು ಭಾಷಣ ಬಿಟ್ಟು ಹಗ್ಗ ನೋಡಲು ಶುರು ಮಾಡಿದರು. ನಾನು ಹರವಿಯಿಂದ ಹರವಿಗೆ ನಿಧಾನವಾಗಿ ನೀರು ಹುಯ್ಯುತ್ತ ಕೂತೆ, ಸ್ವಲ್ಪ ಮೇಲಿನಿಂದ, ಸದ್ದಾಗುವ ಹಾಗೆ.

ರಾಚೋಟಪ್ಪನವರು "ಇಂಥಾ ಪವಿತ್ರ ಜಾಗಾನ ನಾವು ಬಳಸಿ" ಎನ್ನುವಲ್ಲಿಗೆ ಬಂದು ನಿಂತುಬಿಟ್ಟರು. ಹಣೆಯಲ್ಲಿ ಬೆವರು. ಅತ್ತ ಇತ್ತ ನೋಡಿ, ನನ್ನ ಹತ್ತಿರ ಬಗ್ಗಿ, ಪಿಸುಮಾತಿನಲ್ಲಿ "ಹುಲಿಗೆವ್ವಾರ, ಆ ಹಗ್ಗಾ ಒಂದೀಟ ಎತ್ತರಿ" ಎಂದರು.

"ಪವಿತ್ರ ಜಾಗಾ ಐತ್ರಿ, ಹೆಂಗ ಎತ್ತಲಿ?" ಎಂದೆ. ದೇವರಾಣೆ, ಅಷ್ಟೇ ಅಂದದ್ದು.

ಅವರು ನನ್ನ ಮುಖ ನೋಡಿದರು. ಹರವಿ ನೋಡಿದರು. ಖಾಲಿಯಾದ ಮಜ್ಜಿಗೆ ಗಡಿಗೆ ನೋಡಿದರು. ಆಮೇಲೆ ತಮ್ಮ ನೂರು ಕೆಜಿ ಮೈಯನ್ನು ಬಗ್ಗಿಸಿ, ಹಗ್ಗದ ಕೆಳಗೆ ತೂರಿ, ಬಸವನಹುಳುವಿನ ತಿರುವಿನಲ್ಲಿ ಮಾಯವಾದರು. ಉಳಿದ ಆರೂ ಜನ ಒಟ್ಟಿಗೆ ಎದ್ದರು. ಎದ್ದರೆ ಮತ ಹೋಗುತ್ತದೆ ಎಂಬುದು ಯಾರಿಗೂ ನೆನಪಿರಲಿಲ್ಲ. ಮೂಲೆಯ ಹೆಣ್ಣುಮಗಳೇ ಮೊದಲು ಓಡಿದವರು.

ಹೊರಗೆ ಬಂದ ರಾಚೋಟಪ್ಪನವರು ಕೈ ತೊಳೆದು, ಕಟ್ಟೆಯ ಮೇಲೆ ಕೂತರು. ಬೈಯುತ್ತಾರೆ ಎಂದುಕೊಂಡೆ. "ಒಳಗ ಕುಂತ್ರ ಆ ಜಾಲಿಯೊಳಗಿಂದ ನಿಮ್ಮ ಹರವಿ ಕಾಣತೈತ್ರಿ," ಎಂದರು. "ಇಪ್ಪತ್ತೈದ ವರ್ಷ ನಕ್ಷಾ ನೋಡೀನಿ, ಇದು ತಿಳಿದಿದ್ದಿಲ್ಲ." ಆ ಜಾಲಿ ಇರುವುದು ಹೆಂಗಸರ ಖೋಲಿಯಲ್ಲಿ. ಅವಸರದಲ್ಲಿ ಎಲ್ಲಿ ನುಗ್ಗಿದ್ದಾರೆಂಬುದು ಅವರಿಗೆ ಇನ್ನೂ ಗೊತ್ತಾಗಿಲ್ಲ, ನಾನೂ ಹೇಳಲಿಲ್ಲ. ಅವರೇ ಎದ್ದು ಮೂರೂ ಹಗ್ಗ ಬಿಚ್ಚಿದರು, ಸುತ್ತಿ ಕಂಕುಳಲ್ಲಿಟ್ಟುಕೊಂಡರು, ಬರೆದುಕೊಳ್ಳುವವರಿಗೆ "ಬಾಗಿಲ ಬ್ಯಾಡ, ಮೂರ್ತಿನೂ ಬ್ಯಾಡ, ಇನ್ನೊಂದು ಹರವಿ ಕೊಡಸ್ರಿ" ಎಂದು ಹೇಳಿದರು. ಏಳು ಮತವೂ ಹೋಗಿದ್ದವು, ಆದರೂ ತೀರ್ಮಾನ ಬೇಡ ಎಂದು ಯಾರೂ ಅನ್ನಲಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಟ್ರಾಮು ಬಂತು. ಮಮತಾಜ ಇಳಿದಳು. ತಿರುವಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಾನು ತಂಬಿಗೆ ಹಿಡಿದೆ. ಮೊದಲು ನೀರು ಕುಡಿದಳು ನೀಲಕ್ಕ, ಒಳಗೆ ಹೋಗುವ ಮೊದಲು, ತಲೆ ಹಿಂದಕ್ಕೆ ಹಾಕಿ, ತಂಬಿಗೆ ತಳ ಕಾಣುವವರೆಗೆ.

ಓಲೆ ಇನ್ನು ಪೆಟ್ಟಿಗೆಗೆ ಹೋಗುತ್ತದೆ. ಆ ಕಲ್ಲಿನ ಮೇಲಿಂದ ಏಳುವಾಗ ನಿಮ್ಮ ಚೀಲದಲ್ಲಿ ಬಾಟಲಿ ಇದೆ, ಬೆಳಿಗ್ಗೆಯಿಂದ ನೀವೂ ಮುಟ್ಟಿಲ್ಲ. ಕುಡಿಯಿರಿ. ಹೋಗಲು ಜಾಗ ಇದೆ, ನೀವೇ ಕಟ್ಟುತ್ತೀರಿ.

ನಿಮ್ಮ ಕಟ್ಟೆ ಕಾಯುವ
ಹುಲಿಗೆವ್ವ